ದೊಡ್ಡ ಕ್ಯಾಮೆರಾ ಬಿಟ್ಟಿದ್ದೇಕೆ ಎಂದು ಕೇಳುವವರಿಗೆ

ಪ್ರವಾಸಕ್ಕೆ ಹೊರಟಾಗಲೆಲ್ಲ ಜೊತೆಯವರು ನನ್ನ ಕೈಯಲ್ಲಿರುವುದನ್ನು ನೋಡಿ ಕೇಳುವ ಪ್ರಶ್ನೆ ಒಂದೇ: "ಫುಲ್‌ಫ್ರೇಮ್‌ನಂಥ ದೊಡ್ಡ ಕ್ಯಾಮೆರಾ ಇಟ್ಟುಕೊಂಡಿದ್ದವರು ಇಷ್ಟು ಚಿಕ್ಕ ಕ್ಯಾಮೆರಾಕ್ಕೆ ಬಂದಿದ್ದೀರಲ್ಲ, ಚಿತ್ರದ ಗುಣಮಟ್ಟ ಹಾಳಾಗುವುದಿಲ್ಲವೇ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದೇ ಬಿಡುತ್ತೇನೆ. ಹಾಳಾಗುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಕಡಿಮೆಯಾಗುತ್ತದೆ, ಮತ್ತು ಆ ಸಂದರ್ಭಗಳು ಯಾವುವೆಂದು ತಿಳಿದುಕೊಂಡೇ ನಾನು ಬದಲಾಯಿಸಿದ್ದೇನೆ.

ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್‌ನ ಅಳತೆ 36×24 ಮಿ.ಮೀ.; ನಾನು ಬಳಸುವ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್‌ನದು 17.3×13 ಮಿ.ಮೀ., ಅಂದರೆ ವಿಸ್ತೀರ್ಣದಲ್ಲಿ ಸುಮಾರು ಕಾಲು ಭಾಗ. ಒಂದೇ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಚಿಕ್ಕದು), ಒಂದೇ ಶಟರ್ ವೇಗ ಇಟ್ಟರೆ ದೊಡ್ಡ ಸೆನ್ಸರ್‌ಗೆ ಒಟ್ಟು ನಾಲ್ಕು ಪಟ್ಟು ಬೆಳಕು ಸಿಗುತ್ತದೆ, ಹಾಗಾಗಿ ಅದರಲ್ಲಿ ನಾಯ್ಸ್, ಅಂದರೆ ಚಿತ್ರದ ಮೇಲೆ ಕಾಣುವ ಕಾಳುಕಾಳು, ಕಡಿಮೆ. ಪ್ರಶ್ನೆ ಕೇಳುವವರು ಇಷ್ಟನ್ನು ತಿಳಿದು ಅಲ್ಲಿಗೇ ನಿಲ್ಲುತ್ತಾರೆ. ಮಬ್ಬು ಬೆಳಕಿನ ಹಜಾರವೊಂದರಲ್ಲಿ ಹತ್ತಿರದ ಕಂಬದಿಂದ ಕೊನೆಯ ಗೋಡೆಯವರೆಗೂ ಎಲ್ಲವೂ ಸ್ಪಷ್ಟವಾಗಿ ಬರಲೆಂದು ಫುಲ್‌ಫ್ರೇಮ್‌ನವರು ಎಫ್/8 ಇಟ್ಟು ಐಎಸ್‌ಒ (ಬೆಳಕಿನ ಸಂವೇದನೆ) 3200ಕ್ಕೆ ಏರಿಸಬೇಕಾದ ಕಡೆ, ಅಷ್ಟೇ ಡೆಪ್ತ್ ಆಫ್ ಫೀಲ್ಡ್ (ಸ್ಪಷ್ಟವಾಗಿ ಕಾಣುವ ಆಳ) ನನಗೆ ಎಫ್/4ರಲ್ಲಿಯೇ ದೊರೆಯುವುದರಿಂದ ಅದೇ ಶಟರ್ ವೇಗದಲ್ಲಿ ಐಎಸ್‌ಒ 800 ಸಾಕಾಗುತ್ತದೆ. ಎರಡು ಚಿತ್ರಗಳ ನಾಯ್ಸ್ ಹೆಚ್ಚುಕಡಿಮೆ ಒಂದೇ. ಪ್ರವಾಸದಲ್ಲಿ ನಾನು ತೆಗೆಯುವ ಬಹುಪಾಲು ಚಿತ್ರಗಳು ಇಂಥವೇ. ಇರುಳಿನ ನೃತ್ಯ, ಮುಸ್ಸಂಜೆಯಲ್ಲಿ ಓಡುವ ಪ್ರಾಣಿ, ಹಿನ್ನೆಲೆಯನ್ನು ಪೂರ್ತಿ ಕರಗಿಸಬೇಕಾದ ಭಾವಚಿತ್ರ ಇವೇ ನಿಮ್ಮ ಆಸಕ್ತಿಯಾಗಿದ್ದರೆ ದೊಡ್ಡದನ್ನೇ ಇಟ್ಟುಕೊಳ್ಳಿ, ನನ್ನನ್ನು ಕೇಳಬೇಡಿ.

ಒಮ್ಮೆ ಬೆಟ್ಟವೊಂದರ ಬುಡದಲ್ಲಿ ಸಹಪ್ರಯಾಣಿಕರೊಬ್ಬರು ನನ್ನ ಕ್ಯಾಮೆರಾವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ ಇದೇ ಪ್ರಶ್ನೆ ಹಾಕಿದರು. ಅವರ ಬೆನ್ನಿನ ಚೀಲದಲ್ಲಿ ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾದ ಜೊತೆಗೆ 70–200 ಎಫ್/2.8 ಜೂಮ್ ಲೆನ್ಸ್ ಇತ್ತು. ಆ ಲೆನ್ಸೊಂದೇ ಸುಮಾರು ಒಂದೂವರೆ ಕಿಲೋ. ಅರ್ಧ ದಾರಿಯಲ್ಲಿ ಮಂಜು ಸರಿದು ಕೆಳಗಿನ ಕಣಿವೆ ತೆರೆದುಕೊಂಡಿತು. ಅವರು ಚೀಲ ಇಳಿಸಿ, ಜಿಪ್ ಎಳೆದು, ಲೆನ್ಸ್ ಬದಲಿಸಿ, ಮುಚ್ಚಳವನ್ನು ಜೇಬಿಗೆ ಹಾಕಿ ನಿಲ್ಲುವಷ್ಟರಲ್ಲಿ ಕಣಿವೆ ಮತ್ತೆ ಮುಚ್ಚಿಹೋಗಿತ್ತು. ಅವರ ಕ್ಯಾಮೆರಾದ ಗುಣಮಟ್ಟದ ಬಗ್ಗೆ ನನ್ನ ತಕರಾರಿಲ್ಲ, ಆ ಚಿತ್ರವೇ ಅದರಲ್ಲಿ ಇರಲಿಲ್ಲ.

ಆದ್ದರಿಂದಲೇ, ದಿನದಲ್ಲಿ ಕ್ಯಾಮೆರಾ ಎಷ್ಟು ಹೊತ್ತು ಕೈಯಲ್ಲಿರುತ್ತದೆ, ಎಷ್ಟು ಹೊತ್ತು ಚೀಲದಲ್ಲಿರುತ್ತದೆ ಎಂದು ಯಾರಾದರೂ ಕೇಳಬಾರದೇ ಎಂದು ನನಗೆ ಅನ್ನಿಸುತ್ತದೆ. ನನ್ನದು ಈಗ ಬೆಳಗ್ಗೆ ಹೊರಟಾಗಿನಿಂದ ಕತ್ತಲಾಗುವವರೆಗೂ ಮಣಿಕಟ್ಟಿನ ಪಟ್ಟಿಯಲ್ಲಿಯೇ ಇರುತ್ತದೆ. ಭುಜ ಸೋತಿದೆ ಎಂಬ ಕಾರಣಕ್ಕೆ ಯಾವ ತಿರುವನ್ನೂ ಈಗ ನಾನು ಬಿಟ್ಟು ಬರುವುದಿಲ್ಲ. ಈ ಹಂಬಲ ಹೊಸದೂ ಅಲ್ಲ. ಜರ್ಮನಿಯ ಆಸ್ಕರ್ ಬರ್ನಾಕ್ ಅವರಿಗೆ ಆಸ್ತಮಾ ಇತ್ತು, ದೊಡ್ಡ ಪ್ಲೇಟ್ ಕ್ಯಾಮೆರಾ ಹೊತ್ತು ತಿರುಗುವುದು ಅವರಿಂದಾಗುತ್ತಿರಲಿಲ್ಲ. ಸಿನಿಮಾ ಫಿಲ್ಮ್ ಬಳಸಿ ಅವರು ಕಟ್ಟಿದ ಪುಟ್ಟ ಕ್ಯಾಮೆರಾವೇ 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ. ಅದರ ಫ್ರೇಮ್ ಅಳತೆ 24×36 ಮಿ.ಮೀ.; ನೀವು ಇಂದು ದೊಡ್ಡದೆಂದು ನನ್ನ ಮುಂದೆ ಹಿಡಿಯುವ ಫುಲ್‌ಫ್ರೇಮ್ ಅದೇ.

ಹಗುರ ಮಾಡಿಕೊಳ್ಳಬೇಕೆಂದಿರುವವರಿಗೆ ಒಂದು ಮಾತು. ಡಿಎಸ್‌ಎಲ್‌ಆರ್ ಮಾರಿ ಫುಲ್‌ಫ್ರೇಮ್ ಮಿರರ್‌ಲೆಸ್ ಕೊಂಡರೆ ಭಾರ ಇಳಿಯಿತೆಂದು ಭಾವಿಸಬೇಡಿ. ಕನ್ನಡಿ ಹೋದದ್ದರಿಂದ ಬಾಡಿ ಸಣ್ಣದಾಗುತ್ತದೆ, ಆದರೆ ಅಷ್ಟು ದೊಡ್ಡ ಸೆನ್ಸರ್‌ಗೆ ಬೇಕಾದ ಲೆನ್ಸಿನ ಗಾಜು ಎಫ್/2.8 ಜೂಮ್‌ನಲ್ಲಿ ಅಷ್ಟಾಗಿ ಕುಗ್ಗುವುದಿಲ್ಲ. ಮೈಕ್ರೋ ಫೋರ್ ಥರ್ಡ್ಸ್‌ಗೆಂದು ಮಾಡಿದ ಒಲಿಂಪಸ್‌ನ 12–40 ಎಫ್/2.8 ಲೆನ್ಸಿನ ತೂಕ 382 ಗ್ರಾಂ; ಫುಲ್‌ಫ್ರೇಮ್‌ನಲ್ಲಿ ಹೆಚ್ಚುಕಡಿಮೆ ಅದೇ ನೋಟ ಕೊಡುವ ಸೋನಿಯ 24–70 ಎಫ್/2.8 ಜಿಎಂ ಮೊದಲ ಆವೃತ್ತಿ 886 ಗ್ರಾಂ. ಏನನ್ನಾದರೂ ಕೊಳ್ಳುವ ಮೊದಲು ನಿಮ್ಮ ಕಳೆದ ಪ್ರವಾಸದ ಚಿತ್ರಗಳಲ್ಲಿ ಇಷ್ಟವಾದವನ್ನು ಆರಿಸಿ, ಅವುಗಳೊಳಗೆ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲಿ ಫೋಕಲ್ ಲೆಂತ್ (ನೋಟ ಎಷ್ಟು ಅಗಲವೆಂದು ಹೇಳುವ ಮಿ.ಮೀ. ಸಂಖ್ಯೆ) ನೋಡಿ. 35ಕ್ಕೂ 50ಕ್ಕೂ ನಡುವೆಯೇ ಹೆಚ್ಚಿನವು ಬಂದಿದ್ದರೆ ಹೊಸ ಬಾಡಿಯ ಅಗತ್ಯವೂ ಇಲ್ಲ. ಜೂಮ್‌ಗಳನ್ನು ಮನೆಯಲ್ಲಿಟ್ಟು, ಈಗಿರುವ ಕ್ಯಾಮೆರಾಕ್ಕೆ ಜೂಮ್ ಆಗದ ಒಂದು ಚಿಕ್ಕ ಪ್ರೈಮ್ ಲೆನ್ಸ್ ಹಾಕಿಕೊಂಡು ಮುಂದಿನ ಸಲ ಹೊರಡಿ.