ಅಕ್ಕನಿಗೊಂದು ಚೀಟಿ, ತಂಗಿಗೊಂದು ಚೀಟಿ

ಮೆನೋಪಾಸ್, ಅಂದರೆ ಮುಟ್ಟು ನಿಲ್ಲುವ ಕಾಲದ ತೊಂದರೆಗೆ ಕೊಡುವ ಹಾರ್ಮೋನ್ ಮಾತ್ರೆ ಅಂದ ಕೂಡಲೇ ನಮ್ಮ ಸ್ಟಾಫ್ ರೂಮಿನಲ್ಲಿ ಬರುವ ಮೊದಲ ಮಾತು ‘ಅಯ್ಯೋ, ಕ್ಯಾನ್ಸರ್ ಬರುತ್ತಂತೆ’. ಎರಡನೇ ಮಾತು ‘ಎಲ್ಲರಿಗೂ ಆಗೋದೇ ಅಲ್ವಾ, ಸ್ವಲ್ಪ ದಿನ ತಡ್ಕೊಂಡ್ರೆ ಹೋಗುತ್ತೆ’. ನನಗೆ 48. ಮುಟ್ಟು ನಿಂತು ವರ್ಷ ದಾಟಿತ್ತು. ಪಾಠ ಮಾಡುವಾಗ ಇದ್ದಕ್ಕಿದ್ದಂತೆ ಎದೆಯಿಂದ ಝಳ ಏಳುತ್ತಿತ್ತು. ಕತ್ತು, ಕಿವಿ, ನೆತ್ತಿ ಎಲ್ಲ ಕಾದು, ಬೆವರಿದ ಬೆರಳುಗಳಿಂದ ಚಾಕ್‌ಪೀಸ್ ಜಾರುತ್ತಿತ್ತು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಎದ್ದು ಒದ್ದೆ ರವಿಕೆ ಬದಲಿಸಿ ಮಲಗಿದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಅದೇ ಅಡುಗೆ, ಬಸ್ಸು, ಎಂಟನೇ ತರಗತಿ. ಕೆಲವರಿಗೆ ಇದು ಏಳೆಂಟು ವರ್ಷ ಇರುತ್ತದೆ. ಅದನ್ನು ‘ಸ್ವಲ್ಪ ದಿನ’ ಅನ್ನಲು ನನಗೆ ಮನಸ್ಸು ಬರಲಿಲ್ಲ.

ಬೇಸಿಗೆ ರಜೆಯಲ್ಲಿ ದಾವಣಗೆರೆಯಲ್ಲೇ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆ. ಚನ್ನಗಿರಿ ಕಡೆಯಿಂದ ತಂಗಿ ಬಂದಿದ್ದಳು. ಜೊತೆಗಿರಲಿ ಅಂತ ಅವಳನ್ನೂ ಕರೆದುಕೊಂಡೆ.

ಡಾಕ್ಟರು ಮೊದಲು ಕೇಳಿದ್ದು ಬೇರೆಯದೇ ಪ್ರಶ್ನೆಗಳು. ಬಿಪಿ ಇದೆಯಾ? ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಲಿವರ್ ತೊಂದರೆ? ಸ್ಟ್ರೋಕ್? ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್? ನಿಂತ ಮೇಲೆ ಮತ್ತೆ ರಕ್ತ ಕಂಡಿತ್ತಾ? ‘ವರ್ಷ ಆದ ಮೇಲೆ ಒಂದು ಹನಿ ಕಂಡರೂ ಬಂದು ತೋರಿಸಿ, ಸುಮ್ನೆ ಇರಬೇಡಿ’ ಅಂದರು. ಸ್ತನದ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಹಾರ್ಮೋನು ಕೊಡುವುದೇ ಇಲ್ಲವಂತೆ.

ನಾನು ನೇರವಾಗಿ ಕೇಳಿದೆ, ಇದರಿಂದ ಕ್ಯಾನ್ಸರ್ ಬರುತ್ತಾ ಮೇಡಂ? ಅವರು ಚೀಟಿ ತಿರುಗಿಸಿ ಹಿಂಬದಿಯಲ್ಲಿ 30 ಅಂತ ಬರೆದರು. ಪಕ್ಕದಲ್ಲಿ 38. ‘ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಂತ ದೊಡ್ಡ ಅಧ್ಯಯನ ನಡೆಯಿತು. 2002ರಲ್ಲಿ ಅದರ ಸುದ್ದಿ ಬಂದ ಮೇಲೆ ಈ ಹೆದರಿಕೆ ಹಬ್ಬಿದ್ದು. ಹತ್ತು ಸಾವಿರ ಹೆಂಗಸರಲ್ಲಿ ಹಾರ್ಮೋನು ತೆಗೆದುಕೊಳ್ಳದಿದ್ದರೂ ವರ್ಷಕ್ಕೆ 30 ಜನಕ್ಕೆ ಸ್ತನದ ಕ್ಯಾನ್ಸರ್ ಬಂತು. ಎರಡು ಹಾರ್ಮೋನು ಸೇರಿಸಿ ತೆಗೆದುಕೊಂಡವರಲ್ಲಿ 38. ಎಂಟು ಜಾಸ್ತಿ.’ ಅದೇ ಹತ್ತು ಸಾವಿರದಲ್ಲಿ ಸ್ಟ್ರೋಕ್ ಕೂಡ ಎಂಟು ಜಾಸ್ತಿ. ಸೊಂಟದ ಮೂಳೆ ಮುರಿದವರು ಮಾತ್ರ ಐದು ಕಡಿಮೆ. ಆ ಹೆಂಗಸರ ಸರಾಸರಿ ವಯಸ್ಸು 63. ಅವರು ನುಂಗಿದ್ದು ಬಸುರಿ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ (ನಮ್ಮ ಅಂಡಾಶಯ ಮಾಡುವ ಹಾರ್ಮೋನು), ಜೊತೆಗೆ ಪ್ರೊಜೆಸ್ಟರೋನ್ ಅನ್ನುವ ಇನ್ನೊಂದು ಹಾರ್ಮೋನಿನ ಕೃತಕ ರೂಪವಾದ ಪ್ರೊಜೆಸ್ಟಿನ್. ಅರವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದ ಆರೋಗ್ಯವಂತರ ಲೆಕ್ಕ ಬೇರೆ ಅಂದರು. ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಆದರೆ ಮಾತ್ರೆಯಷ್ಟು ರಕ್ತ ಹೆಪ್ಪುಗಟ್ಟುವ ಭಯವೂ ಇಲ್ಲ.

ಅಪಾಯ ಇಲ್ಲವೇ ಇಲ್ಲ ಅಂತ ಅವರು ಹೇಳಲಿಲ್ಲ. ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ಎಂಟು ಅನ್ನುವುದನ್ನು ಕಣ್ಣಾರೆ ಕಂಡು, ಬೇಕೋ ಬೇಡವೋ ಅಂತ ನಾನೇ ಯೋಚಿಸಬಹುದಿತ್ತು. ಇಷ್ಟು ವರ್ಷ ನಮಗೆ ಹೆದರಿಕೆ ಸಿಕ್ಕಿತ್ತು, ಲೆಕ್ಕ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಡಾಕ್ಟರ ಕಣ್ಣು ತಂಗಿಯ ಮೇಲೆ ಬಿತ್ತು. ಫ್ಯಾನಿನ ಕೆಳಗೇ ಕೂತಿದ್ದರೂ ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

‘ನಿಮಗೂ ಹೀಗೇನಾ?’

‘ಆಪರೇಷನ್ ಆದಾಗಿಂದ ಹೀಗೇ ಮೇಡಂ. ಗಡ್ಡೆ ಇದೆ ಅಂತ ಗರ್ಭಕೋಶ ತೆಗೆದ್ರು.’

‘ಆಗ ಎಷ್ಟು ವಯಸ್ಸು?’

‘ಮೂವತ್ತೇಳು.’

‘ಅಂಡಾಶಯ ಉಳಿಸಿದ್ದಾರಾ?’

ತಂಗಿ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿದ್ದ ಮಗನಿಗೆ ಫೋನ್ ಮಾಡಿದಳು. ಅವನು ಬೀರು ತೆಗೆದು, ಡಿಸ್ಚಾರ್ಜ್ ಕಾಗದ ಹುಡುಕಿ, ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ಡಾಕ್ಟರು ಎರಡು ಬೆರಳಲ್ಲಿ ಅದನ್ನು ಹಿಗ್ಗಿಸಿ ಒಂದು ಸಾಲು ತೋರಿಸಿದರು. ‘ಟಿಎಎಚ್ ವಿತ್ ಬಿಎಸ್‌ಒ’. ಗರ್ಭಕೋಶದ ಜೊತೆ ಎರಡೂ ಅಂಡಾಶಯ, ಎರಡೂ ನಳಿಕೆ ತೆಗೆದಿದ್ದಾರೆ ಅಂತ ಅದರ ಅರ್ಥ.

ಬರೀ ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯ ತನ್ನ ಕೆಲಸ ಮುಂದುವರಿಸುತ್ತದೆ. ಅಂಡಾಶಯವೇ ಹೋದರೆ ಆ ದಿನವೇ ಮೆನೋಪಾಸ್. ನನಗೆ ವರ್ಷಗಟ್ಟಲೆ ನಿಧಾನವಾಗಿ ಇಳಿದ ಹಾರ್ಮೋನು ಅವಳಿಗೆ ಒಂದೇ ಸಲಕ್ಕೆ ನಿಂತುಹೋಗಿತ್ತು. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೆ ಆಗುವುದು ಅವಳಿಗೆ ಹತ್ತು ವರ್ಷ ಮೊದಲೇ ಆಗಿತ್ತು. ಅಷ್ಟು ಬೇಗ ಈಸ್ಟ್ರೋಜನ್ ನಿಂತರೆ ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ತೊಂದರೆ. ಇಂಥವರಿಗೆ, ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕು ಅನ್ನುವುದು ಪುಸ್ತಕದಲ್ಲೇ ಇರುವ ಮಾತು. ಆ ನರ್ಸಿಂಗ್ ಹೋಮಿನಲ್ಲಿ ಅವಳ ಗಂಡನಿಂದ ಸಹಿ ಹಾಕಿಸಿಕೊಂಡರು, ಹೊಲಿಗೆ ಬಿಚ್ಚಿದರು, ಮನೆಗೆ ಕಳಿಸಿದರು. ಇನ್ನು ಮುಂದೆ ನಿನ್ನ ಮೈಯಲ್ಲಿ ಏನಾಗುತ್ತದೆ ಅಂತ ಅವಳಿಗೆ ಒಬ್ಬರೂ ಹೇಳಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕಳೆದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಅವಳ ಮಣಿಕಟ್ಟು ಮುರಿದಾಗ ಎಲ್ಲರೂ ಪಾಚಿಯನ್ನು ಬೈದಿದ್ದೆವು.

ಆಮೇಲೆ ಅವಳು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ಒಳಗೆ ಒಣಗಿ ಉರಿ, ಮೂತ್ರಕ್ಕೆ ಹೋದರೂ ಉರಿ, ಮನೆಯವರು ಹತ್ತಿರ ಬಂದರೆ ನೋವು. ನನಗೂ ಹೇಳಿರಲಿಲ್ಲ. ಡಾಕ್ಟರು ತಲೆಯಾಡಿಸಿ, ಇದು ತುಂಬಾ ಜನಕ್ಕೆ ಆಗುತ್ತೆ, ಅಲ್ಲಿಗೇ ಹಚ್ಚುವ ಕ್ರೀಮ್ ಇದೆ, ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ ಅಂದರು. ತಂಗಿ ಅತ್ತಳು.

ಇಬ್ಬರಿಗೂ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ), ರಕ್ತ ಪರೀಕ್ಷೆ. ನನಗೆ ಗರ್ಭಕೋಶದ ಸ್ಕ್ಯಾನ್, ಅವಳಿಗೆ ಮೂಳೆಯ ಸ್ಕ್ಯಾನ್. ರಿಪೋರ್ಟ್ ನೋಡಿ ಬರೆದ ಚೀಟಿಗಳೂ ಬೇರೆ ಬೇರೆ. ನನಗೆ ಜೆಲ್ ಜೊತೆ ರಾತ್ರಿ ಒಂದು ಪ್ರೊಜೆಸ್ಟರೋನ್ ಕ್ಯಾಪ್ಸೂಲ್. ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತೆಗೆದುಕೊಂಡರೆ ಒಳಪದರ ಬೆಳೆದು ಅಲ್ಲಿ ಕ್ಯಾನ್ಸರ್ ಆಗಬಹುದು. ಹಾಗಾಗಿ ಇದನ್ನು ತಪ್ಪಿಸುವಂತಿಲ್ಲ. ತಂಗಿಗೆ ಗರ್ಭಕೋಶವೇ ಇಲ್ಲ, ಜೆಲ್ ಒಂದೇ ಸಾಕು. ಅದೇ ಅಮೆರಿಕದ ಅಧ್ಯಯನದಲ್ಲಿ ಗರ್ಭಕೋಶ ಇಲ್ಲದೆ ಬರೀ ಈಸ್ಟ್ರೋಜನ್ ತೆಗೆದುಕೊಂಡವರಿಗೆ ಸ್ತನದ ಕ್ಯಾನ್ಸರ್ ಜಾಸ್ತಿ ಆಗಲಿಲ್ಲ. ಇದು ಸ್ಟಾಫ್ ರೂಮಿಗೆ ಯಾಕೆ ತಲುಪಲಿಲ್ಲವೋ!

ಜೆಲ್ ತೋಳಿಗೆ ತೆಳ್ಳಗೆ ಸವರಿ ಒಣಗಲು ಬಿಡಬೇಕು, ಕೈ ತೊಳೆದುಕೊಳ್ಳಬೇಕು, ಒಣಗುವವರೆಗೆ ಮಕ್ಕಳನ್ನು ಎತ್ತಿಕೊಳ್ಳಬಾರದು. ಕೆಲವು ವಾರಗಳಲ್ಲಿ ನನಗೆ ರಾತ್ರಿಯ ಬೆವರು ಕಡಿಮೆಯಾಯಿತು. ಕ್ಯಾಪ್ಸೂಲಿಗೆ ಮಂಪರು ಬರುವ ಗುಣ ಇದೆ, ಅದೂ ಅನುಕೂಲವೇ ಆಯಿತು. ತಂಗಿಯ ಸೊಂಟದ ಮೂಳೆ ಅವಳ ವಯಸ್ಸಿಗೆ ಇರಬೇಕಾದಷ್ಟು ಗಟ್ಟಿ ಇಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ, ದಿನಾ ನಡಿಗೆ ಅಂತ ಹೇಳಿದ್ದಾರೆ, ಸ್ಕ್ಯಾನ್ ಮತ್ತೆ ಮಾಡಿಸಬೇಕು. ಆದರೆ ನಿದ್ದೆ ಬರುತ್ತಿದೆ ಅಕ್ಕ ಅನ್ನುತ್ತಾಳೆ.

ಮೊನ್ನೆ ಅವಳ ಓರಗಿತ್ತಿಗೂ ಇದೇ ಆಪರೇಷನ್ ಅಂತ ದಿನ ಗೊತ್ತು ಮಾಡಿದ್ದಾರೆ. ತಂಗಿಯೇ ಅವಳ ಜೊತೆ ಆಸ್ಪತ್ರೆಗೆ ಹೋಗಿ, ಗರ್ಭಕೋಶ ತೆಗೆಯಲೇಬೇಕಾ, ತೆಗೆದರೂ ಅಂಡಾಶಯ ಉಳಿಸಬಹುದಾ ಅಂತ ಸಹಿ ಹಾಕುವ ಮೊದಲೇ ಕೇಳಿದ್ದಾಳೆ.