ಲೈಪ್‌ಜಿಗ್‌ನಲ್ಲಿ ಒಂಬತ್ತನೆಯ ಸಿಂಫನಿ: ಎರಡು ದಿನ ಮೊದಲೇ ಹೋಗಿ

ವರ್ಷದ ಕೊನೆಗೆ ಬೀಥೋವನ್‌ನ ಒಂಬತ್ತನೆಯ ಸಿಂಫನಿ ಕೇಳಲೆಂದೇ ಜರ್ಮನಿಗೆ ಹೊರಟವರಿಗೆ ನಾನು ಮೊದಲು ಹೇಳುವ ಮಾತು: ವಿಮಾನ ಇಳಿದ ದಿನವೇ ಸಂಗೀತ ಕಛೇರಿಗೆ ಹೋಗಬೇಡಿ. ನಾನು ಹೋದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ, ಅಲ್ಲಿಂದ ಸುಮಾರು ಮೂರು ಗಂಟೆ ರೈಲು. ಡಿಸೆಂಬರ್ 30ರ ಮಧ್ಯಾಹ್ನ ಲೈಪ್‌ಜಿಗ್ ತಲುಪಿ, ಸ್ನಾನ ಮಾಡಿ, ಸಂಜೆ ಸಭಾಂಗಣದಲ್ಲಿದ್ದೆ. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ಅಂತರ. ಅಲ್ಲಿ ರಾತ್ರಿ 8 ಆದಾಗ ಮೈಗೆ ಮಾತ್ರ ಹನ್ನೆರಡೂವರೆ. ನಾಲ್ಕು ಭಾಗಗಳ ಕೃತಿಯಲ್ಲಿ ಎಷ್ಟೋ ವರ್ಷದಿಂದ ಕಾದಿದ್ದ ಮೂರನೆಯ ಭಾಗ ಶುರುವಾಯಿತು, ಕಣ್ಣು ಎಳೆಯಿತು. ಎಚ್ಚರವಾದಾಗ ನಾಲ್ಕನೆಯದರ ಅಬ್ಬರ.

ಈ ನಷ್ಟ ಎಂಥದ್ದೆಂದು ಆಮೇಲೆ ಹೇಳುತ್ತೇನೆ. ಮೊದಲು ಊರು.

ಲೈಪ್‌ಜಿಗ್ ಯಾಕೆ? ಈ ಕೃತಿ ಮೊದಲು ನುಡಿಸಿದ್ದು ವಿಯೆನ್ನಾದಲ್ಲಿ, 1824ರ ಮೇ 7ರಂದು. ಆದರೆ ಹೊಸ ವರ್ಷದ ಹಿಂದಿನ ರಾತ್ರಿ ಇದನ್ನು ನುಡಿಸುವ ಪದ್ಧತಿ ಬೆಳೆದದ್ದು ಲೈಪ್‌ಜಿಗ್‌ನಲ್ಲಿ. ಮೊದಲ ಮಹಾಯುದ್ಧ ನಿಂತು ಎರಡು ತಿಂಗಳೂ ಆಗಿರಲಿಲ್ಲ. 1918ರ ಡಿಸೆಂಬರ್ 31ರಂದು ಕಾರ್ಮಿಕರ ಶಿಕ್ಷಣ ಸಂಸ್ಥೆಯೊಂದು ಶಾಂತಿಗಾಗಿ ಕಛೇರಿ ಏರ್ಪಡಿಸಿತು, ವಾದ್ಯವೃಂದದ ನಿರ್ದೇಶಕ ಆರ್ತುರ್ ನಿಕಿಶ್ ನಡೆಸಿಕೊಟ್ಟರು. ರಾತ್ರಿ 11ಕ್ಕೆ ಆರಂಭ, ಕೊನೆಯ ಭಾಗದಲ್ಲಿ ಗಾಯಕರು ಹಾಡುವ ಆನಂದದ ಹಾಡು ಬರುವ ಹೊತ್ತಿಗೆ ಹೊಸ ವರ್ಷ. ಆ ಹಾಡಿನ ಕವಿ ಷಿಲ್ಲರ್ 1785ರ ಬೇಸಿಗೆಯನ್ನು ಕಳೆದ ಮನೆಯೂ ಇದೇ ಊರಿನ ಗೋಹ್ಲಿಸ್‌ನಲ್ಲಿದೆ, ಈಗ ಸಂಗ್ರಹಾಲಯ. ಚಳಿಗಾಲದಲ್ಲಿ ತೆರೆದಿರುವ ದಿನಗಳನ್ನು ನೋಡಿಕೊಂಡೇ ಟ್ರ್ಯಾಮ್ ಹತ್ತಿ.

ಈಗ ಕಛೇರಿ ನಡೆಯುವುದು ಔಗುಸ್ಟುಸ್‌ಪ್ಲಾಟ್ಸ್ ಚೌಕದ ಗೆವಾಂಡ್‌ಹೌಸ್ ಸಭಾಂಗಣದಲ್ಲಿ. ಇಲ್ಲಿನ ವಾದ್ಯವೃಂದ 1743ರಷ್ಟು ಹಳೆಯದು, ಸಂಗೀತ ರಚನಕಾರ ಮೆಂಡೆಲ್ಸನ್ ನಡೆಸಿದ್ದು. ಈ ಕಟ್ಟಡ 1981ರದು, ಸುಮಾರು 1,900 ಆಸನ. ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಡಿಸೆಂಬರ್ 31ರ ಟಿಕೆಟ್ ಬೇಗ ಮುಗಿಯುತ್ತದೆ, ಆದ್ದರಿಂದ ಋತುವಿನ ಕಾರ್ಯಕ್ರಮಪಟ್ಟಿ ಬಂದ ಕೂಡಲೇ ಮಾರಾಟ ಯಾವಾಗ ಶುರು ಎಂದು ಗುರುತು ಹಾಕಿಕೊಳ್ಳಿ. ಹಿಂದಿನ ಒಂದೆರಡು ದಿನವೂ ಇದೇ ಕೃತಿ ಇರುತ್ತದೆಯೇ ನೋಡಿ, ಅಲ್ಲಿ ಸಿಗುವುದು ಸುಲಭ. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕಛೇರಿಯ ಟಿಕೆಟ್‌ನ ಪ್ರತಿಯನ್ನೂ ಜೊತೆಗಿಡಿ.

ಆಸನದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಮೊದಲ ಸಾಲುಗಳು ಬೇಡ. ಅಲ್ಲಿ ಪಿಟೀಲುಗಳಷ್ಟೇ ಕಾಣುತ್ತವೆ, ಗಾಯಕವೃಂದದ ದನಿ ತಲೆಯ ಮೇಲೆ ಹಾದುಹೋಗುತ್ತದೆ. ಮಧ್ಯದಲ್ಲಿ, ಸ್ವಲ್ಪ ಎತ್ತರದಲ್ಲಿ ಕೂತರೆ ಇಡೀ ವೃಂದ ಒಂದೇ ಶರೀರದಂತೆ ಕಾಣುತ್ತದೆ.

ಕೋಟನ್ನು ಹೊರಗಿನ ಕೌಂಟರಿನಲ್ಲಿ ಒಪ್ಪಿಸಬೇಕು, ಅದಕ್ಕೆ ಅರ್ಧ ಗಂಟೆ ಮುಂಚೆ ಹೋಗಿ. ರೇಷ್ಮೆ ಸೀರೆ ಚೆನ್ನಾಗಿಯೇ ಒಪ್ಪುತ್ತದೆ, ಒಳಗೆ ಬೆಚ್ಚಗಿರುತ್ತದೆ. ಸುಮಾರು 70 ನಿಮಿಷದ ಕೃತಿ, ನಡುವೆ ವಿರಾಮವಿಲ್ಲ. ಭಾಗ ಮುಗಿದಾಗ ಚಪ್ಪಾಳೆಯಿಲ್ಲ. ನಮ್ಮಲ್ಲಿ ತನಿ ಆವರ್ತನ ಮುಗಿದಾಗ ಕೈ ತಾನಾಗಿ ಏಳುತ್ತದಲ್ಲ, ಇಲ್ಲಿ ತಡೆದುಕೊಳ್ಳಬೇಕು. 31ರ ಮಧ್ಯಾಹ್ನದಿಂದ ಅಂಗಡಿಗಳು ಮುಚ್ಚುತ್ತವೆ, ಜನವರಿ 1ರಂದು ತೆರೆಯುವುದೇ ಇಲ್ಲ. ಹಣ್ಣು, ಬ್ರೆಡ್, ಮೊಸರು ಮೊದಲೇ ತಂದಿಡಿ. ನನ್ನನ್ನು ಕಾಪಾಡಿದ್ದು ಮನೆಯಿಂದ ಒಯ್ದ ಗೊಜ್ಜವಲಕ್ಕಿ.

ಹೊರಡುವ ಮುನ್ನ ಕೃತಿಯನ್ನು ಇಡಿಯಾಗಿ ಮೂರು ಸಲವಾದರೂ ಕೇಳಿ. ಎಲ್ಲರಿಗೂ ಗೊತ್ತಿರುವ ಕೊನೆಯ ಹಾಡನ್ನಷ್ಟೇ ಅಲ್ಲ. ಕರ್ನಾಟಕ ಸಂಗೀತದ ಕಿವಿಗೆ ಆರಂಭವೇ ಮನೆಯಂತಿದೆ: ಸ್ವರಶ್ರೇಣಿ ಮೇಜರೋ ಮೈನರೋ ಎಂದು ಹೇಳುವ ಗಾಂಧಾರವಿಲ್ಲ, ಬರೀ ಷಡ್ಜ-ಪಂಚಮದಂಥ ಎರಡು ಸ್ವರ ಮಂಜಿನಲ್ಲಿ ನಡುಗುತ್ತವೆ. ತಂಬೂರಿ ಮೀಟಿ ಕೂತ ಹಾಗೆ. ಕೊನೆಯ ಹಾಡನ್ನು ಶಂಕರಾಭರಣದ ಸ್ವರಗಳಲ್ಲಿ ನೀವೇ ಹಾಡಿನೋಡಿ: ಗ ಗ ಮ ಪ, ಪ ಮ ಗ ರಿ, ಸ ಸ ರಿ ಗ, ಗ ರಿ ರಿ. ಪುಟ್ಟ ಮಗುವಿಗೂ ಬರುತ್ತದೆ. ಬೀಥೋವನ್ ಅದನ್ನು ಮೊದಲು ಮಂದ್ರ ದನಿಯ ತಂತಿವಾದ್ಯಗಳಾದ ಚೆಲ್ಲೋ ಮತ್ತು ಡಬಲ್ ಬಾಸ್‌ಗಳಿಗೆ ಕೊಟ್ಟ, ಅದೂ ಪಿಸುಮಾತಿನಷ್ಟು ಮೆಲ್ಲಗೆ. ಸಭಾಂಗಣದಲ್ಲಿ ಆ ಕ್ಷಣಕ್ಕೆ ಯಾರೂ ಕೆಮ್ಮುವುದಿಲ್ಲ.

ಈಗ ಆ ನಷ್ಟದ ಮಾತು. ನಾಲ್ಕನೆಯ ಭಾಗ ಆರಂಭದಲ್ಲೇ ಹಿಂದಿನ ಮೂರೂ ಭಾಗಗಳನ್ನು ಒಂದೊಂದಾಗಿ ನೆನೆಯುತ್ತದೆ. ಪ್ರತಿ ನೆನಪಿಗೂ ಚೆಲ್ಲೋ-ಬಾಸ್‌ಗಳು ಮಾತಾಡಿದಂತೆ ಉತ್ತರ ಕೊಡುತ್ತವೆ: ಇದಲ್ಲ, ಇದೂ ಅಲ್ಲ. ಆಮೇಲೇ ಆನಂದದ ರಾಗ. 30ರ ರಾತ್ರಿ ಮೊದಲೆರಡು ನೆನಪು ನನಗೆ ತಿಳಿದವು. ಮೂರನೆಯದು ಯಾರದೋ ಮನೆಯ ಸುದ್ದಿಯಂತೆ ದಾಟಿಹೋಯಿತು, ಏಕೆಂದರೆ ನೆನೆಯಲು ನನ್ನಲ್ಲಿ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತರವರೆಗೆ ಮಲಗಿದೆ. ಕಲಾ ಸಂಗ್ರಹಾಲಯದಲ್ಲಿ ಮಾಕ್ಸ್ ಕ್ಲಿಂಗರ್ 1902ರಲ್ಲಿ ಮುಗಿಸಿದ ಬೀಥೋವನ್ ಶಿಲ್ಪದ ಎದುರು ಬಹಳ ಹೊತ್ತು ನಿಂತೆ. ಸಿಂಹಾಸನದಲ್ಲಿ ಮುಂದಕ್ಕೆ ಬಾಗಿ, ಮುಷ್ಟಿ ಬಿಗಿದು ಕೂತಿದ್ದಾನೆ. ಮಧ್ಯಾಹ್ನ ಟಿಕೆಟ್ ಕೌಂಟರಿನ ಮುಂದೆ ಕಾದೆ. ಯಾರೋ ಹಿಂತಿರುಗಿಸಿದ ಒಂದು ಟಿಕೆಟ್ ಸಿಕ್ಕಿತು. ಇದನ್ನು ನೆಚ್ಚಿಕೊಂಡು ಹೋಗಬೇಡಿ, ಆದರೆ ಪ್ರಯತ್ನ ಬಿಡಲೂ ಬೇಡಿ.

ಆ ಸಂಜೆ ಮೂರನೆಯ ಭಾಗವನ್ನು ಪೂರ್ತಿ ಕೇಳಿದೆ. ಕಾಲು ಗಂಟೆ, ಎಲ್ಲಿಗೂ ಹೋಗುವ ಅವಸರವಿಲ್ಲದ ವಿಳಂಬ ಕಾಲ. ನಾಲ್ಕನೆಯ ಭಾಗ ಸ್ಫೋಟಿಸಿತು, ಮೊದಲ ನೆನಪು ಬಂತು, ಎರಡನೆಯದು ಬಂತು. ಆಮೇಲೆ ಊದುವಾದ್ಯಗಳಲ್ಲಿ ಎರಡೇ ಎರಡು ಕ್ಷಣ, ಆಗಷ್ಟೇ ಕೇಳಿದ ಆ ರಾಗ. ಈ ಸಲ ಗುರುತು ಹಿಡಿದೆ. ಗಾಯಕರು ಇನ್ನೂ ಎದ್ದು ನಿಂತಿರಲಿಲ್ಲ, ನನ್ನ ಕಣ್ಣು ಆಗಲೇ ತುಂಬಿತ್ತು.