ಪಾವಗಡದಲ್ಲಿ ಮೋಡ, ಗಣೇಶಗುಡಿಯಲ್ಲಿ ನೀರು

ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಬೇಕೆಂದರೆ ಮಳೆಯನ್ನು ನಂಬಿ ಪ್ರಯೋಜನವಿಲ್ಲ, ಕರೆಂಟನ್ನು ನಂಬಬೇಕು. ಇದು ನನಗೆ ತಿಳಿದದ್ದು ಯುಗಾದಿಯ ಮರುದಿನ, ಗಣೇಶಗುಡಿಯ ಹೊಳೆದಂಡೆಯಲ್ಲಿ, ಲೈಫ್ ಜಾಕೆಟ್ ಬಿಗಿದುಕೊಂಡು ಬೆವರುತ್ತ ಕೂತಾಗ. ಎದುರಿಗೆ ಹೊಳೆ ಇತ್ತು, ನೀರು ಮಾತ್ರ ಕಲ್ಲಿನ ಸಂದಿಗಳಲ್ಲಿ ಅಲ್ಲಲ್ಲಿ ಉಳಿದಿತ್ತು. ರಾಫ್ಟುಗಳು ದಂಡೆಯ ಮೇಲೆ ಅಂಗಾತ ಬಿದ್ದಿದ್ದವು.

ಮಕ್ಕಳ ಪರೀಕ್ಷೆ ಮುಗಿದಿತ್ತು. ಹಬ್ಬದ ಹೋಳಿಗೆ ಡಬ್ಬಿಯಲ್ಲಿ ಇನ್ನೂ ಇದ್ದವು. ನಾನು, ನನ್ನ ಗಂಡ, ಇಬ್ಬರು ಮಕ್ಕಳು, ಮಾವ ಒಂದು ಕಾರಿನಲ್ಲಿ. ಗೆಳತಿ, ಅವಳ ಗಂಡ, ಅವರ ಮಗಳು ಇನ್ನೊಂದರಲ್ಲಿ. ಧಾರವಾಡ ಬಿಟ್ಟು, ಹಳಿಯಾಳ ದಾಟಿ ದಾಂಡೇಲಿ. ಅಲ್ಲಿಂದ ಗಣೇಶಗುಡಿ, ಜೋಯಿಡಾ. ಆಮೇಲೆ ಅಣಶಿ ಘಾಟ್ ಇಳಿದು ಕದ್ರಾ. ಕೊನೆಗೆ ಕಾರವಾರದ ಕಡಲು. ಹೊಳೆಯ ಬೆನ್ನು ಹತ್ತಿ ಸಮುದ್ರದವರೆಗೆ ಹೋಗೋಣ ಅನ್ನುವ ವಿಚಾರ ಗೆಳತಿಯ ಗಂಡನದು. ಅವರಿಗೆ ಗುಡ್ಡ ಹತ್ತುವ, ಹೊಳೆಗೆ ಬೀಳುವ ಹುಚ್ಚು ಮೊದಲಿಂದಲೂ ಇದೆ. ನಮ್ಮ ಮನೆಯವರಿಗೆ ಅದು ಇಲ್ಲ, ಆದರೆ ಕಾರು ಓಡಿಸಲು ಒಂದು ನೆಪ ಬೇಕಿತ್ತು.

ಮಾವ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಮದುವೆ, ಮುಂಜಿಗೆ ಕರೆದರೇ ಮೊಣಕಾಲಿನ ಕಾರಣ ಹೇಳುವವರು. ಊಟಕ್ಕೆ ಕೂತಾಗ ದಾರಿಯ ಮಾತು ಬಂತು. "ನಾಗಝರಿ ಕಡೆ ಹೊಂಟೀರಿ ಅಂದ್ರ ನಾನೂ ಬರ್ತೇನಿ" ಅಂದುಬಿಟ್ಟರು. ಅವರು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದವರು. ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಯಿತು, ಆಮೇಲೆ ಹೆಸ್ಕಾಂ ಬಂತು. ಅವರ ಬಾಯಲ್ಲಿ ಮಾತ್ರ ಇವತ್ತಿಗೂ ಕೆಇಬಿಯೇ. ನಾಗಝರಿಯಲ್ಲಿರುವುದು ಕಾಳಿಯ ನೀರಿನಿಂದ ಕರೆಂಟು ತೆಗೆಯುವ ವಿದ್ಯುದಾಗಾರ. ಸರ್ವೀಸಿನುದ್ದಕ್ಕೂ ನಾಗಝರಿ ಅಂದರೆ ಅವರಿಗೆ ಪ್ಯಾನೆಲ್ ಮೇಲಿನ ಒಂದು ಲೈನಿನ ಹೆಸರು, ತಾಸಿಗೊಮ್ಮೆ ಲಾಗ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಅಂಕಿ. ಆ ಅಂಕಿಯ ಹಿಂದಿನ ಹೊಳೆಯನ್ನು ಅವರು ಕಣ್ಣಾರೆ ಕಂಡಿರಲಿಲ್ಲ.

ಹಳಿಯಾಳ ದಾಟಿದ ಮೇಲೆ ಕಬ್ಬಿನ ಹೊಲ ಮುಗಿದು ತೇಗದ ಕಾಡು ಶುರುವಾಗುತ್ತದೆ. ಆ ಹೊತ್ತಿಗೆ ತೇಗ ಪೂರಾ ಬೋಳು. ಒಣಗಿದ ಎಲೆ ರಸ್ತೆಗೆಲ್ಲ ಹಾಸಿಕೊಂಡು, ಕಾರು ಹೋದರೆ ಹಪ್ಪಳ ಮುರಿದ ಸದ್ದು. ಅದರ ನಡುವೆಯೇ ಹೊಂಗೆಯ ಚಿಗುರು ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು. ಮುತ್ತುಗದ ಹೂ ಬಹುಪಾಲು ಉದುರಿಹೋಗಿದ್ದವು, ತುದಿಗೆ ಒಂದೆರಡು ಗೊಂಚಲು ಉಳಿದಿದ್ದವು. ವಸಂತ ಅಂದರೆ ಎಲ್ಲೆಡೆ ಹಸಿರು ಅಂದುಕೊಂಡು ಬಂದವರಿಗೆ ಈ ಕಾಡು ನಿರಾಸೆ ಮಾಡೀತು. ನನಗೆ ಹೀಗಿರುವುದೇ ಇಷ್ಟ. ಎಲೆ ಇಲ್ಲದಿರುವಾಗ ಕಾಡಿನ ಒಳಗು ದೂರದವರೆಗೆ ಕಾಣುತ್ತದೆ. ಮಳೆಗಾಲದಲ್ಲಿ ಕಾಣುವುದು ಬರೀ ಹಸಿರು ಗೋಡೆ.

ಗಣೇಶಗುಡಿಗೆ ಹೋದಾಗ ನಡು ಮಧ್ಯಾಹ್ನ. ಹೆಲ್ಮೆಟ್, ಜಾಕೆಟ್ ಎಲ್ಲ ಹಾಕಿಸಿದ ಮೇಲೆ ಗೈಡ್ ಹುಡುಗ ಬಂದು ನೆಟ್ಟಗೆ ಹೇಳಿದ: "ನೀರು ಇನ್ನೂ ಬಿಟ್ಟಿಲ್ರಿ ಸರ್. ಬಿಟ್ಟ ಮ್ಯಾಲೆ ಹೋಗೂಣು."

"ಯಾವಾಗ ಬಿಡ್ತಾರ?"

"ಅದು ನಮ್ಮ ಕೈಯಾಗಿಲ್ರಿ. ಮ್ಯಾಲಿಂದ ಬರಬೇಕು."

ನಮ್ಮ ದೊಡ್ಡವನು ಆಕಾಶ ನೋಡಿದ. ಮಾವ ನಕ್ಕರು. "ಮ್ಯಾಲೆ ಅಂದ್ರ ದೇವರಲ್ಲೋ ತಮ್ಮಾ. ಬೆಂಗಳೂರಾಗಿನ ಲೋಡ್ ಡಿಸ್ಪ್ಯಾಚ್. ಯಾವ ಮಷೀನು ಯಾವಾಗ ನಡೀಬೇಕು ಅಂತ ಹೇಳೂ ಆಫೀಸು."

ಅಲ್ಲಿಂದ ಮುಂದೆ ಆ ದಂಡೆ ಅವರದಾಯಿತು. ರಾಫ್ಟಿಗೆ ಸಣ್ಣಾಕಿಯನ್ನು ವಯಸ್ಸು ಸಾಲದು ಅಂತ ಬಿಟ್ಟಿರಲಿಲ್ಲ, ಮಾವನನ್ನು ವಯಸ್ಸು ಹೆಚ್ಚಾಯಿತು ಅಂತ. ಇಬ್ಬರೂ ಒಂದೇ ಬಂಡೆಯ ಮೇಲೆ ಕೂತರು. ಉಳಿದವರು ಸುತ್ತ ಕೂತು ಹೋಳಿಗೆ ತಿಂದೆವು. ಮಾವ ಕೈಯಿಂದ ಗಾಳಿಯಲ್ಲೇ ನಕ್ಷೆ ಬರೆದರು. ಮೇಲೆ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ, ಅದರ ಬುಡದಲ್ಲಿ 50 ಮೆಗಾವಾಟಿನ ಎರಡು ಮಷೀನು. ಅಲ್ಲಿ ಕರೆಂಟು ಕೊಟ್ಟ ನೀರು ನಮ್ಮ ಮುಂದೆ ಹರಿದು, ದಾಂಡೇಲಿ ಊರು ದಾಟಿ ಬೊಮ್ಮನಹಳ್ಳಿ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ಸುರಂಗದಲ್ಲಿ ಇಳಿದು ನಾಗಝರಿಯ ಆರು ಮಷೀನು ತಿರುಗಿಸುತ್ತದೆ. ಕೆಳಗೆ ಇನ್ನೂ ಕೊಡಸಳ್ಳಿ, ಕದ್ರಾ ಇವೆ. ಅಂದರೆ ಒಂದೇ ನೀರಿಗೆ ನಾಲ್ಕು ಕಡೆ ಕೆಲಸ.

"ಹಂಗಾರ ಈಗ ಯಾಕ ಬಿಡವಲ್ರು?" ದೊಡ್ಡವನ ತಕರಾರು.

"ಈಗ ಬಿಸಲ ಐತಲ್ಲೋ. ಮೊದಲ ಹಂಗಿರಲಿಲ್ಲ, ಬ್ಯಾಸಗಿ ಅಂದ್ರ ಹಗಲೂ ರಾತ್ರಿ ನಮಗ ನೀರಿನ ಮಷೀನೇ ಗತಿ. ಈಗ ಹಗಲಿಗೆ ಪಾವಗಡದ ಸೋಲಾರ್ ಐತಿ, ಎರಡು ಸಾವಿರ ಮೆಗಾವಾಟ್. ಹೊತ್ತು ಇಳದ ಮ್ಯಾಲೆ ಮಂದಿ ಲೈಟು, ಫ್ಯಾನು, ಏಸಿ ಹಚ್ಚತಾರ, ಆವಾಗ ಸೋಲಾರ್ ಇರಂಗಿಲ್ಲ. ರಾಯಚೂರಿನ ಕಲ್ಲಿದ್ದಲ ಮಷೀನು ಆರಿಸಿದ್ರ ಮತ್ತ ಚಾಲೂ ಮಾಡಾಕ ತಾಸುಗಟ್ಟಲೆ ಬೇಕು. ನೀರಿಂದು ಹಂಗಲ್ಲ. ಗೇಟ್ ತಗದ್ರ ನಿಮಿಷದಾಗ ಕರೆಂಟು. ಅದಕ್ಕ ಅದನ್ನ ಕಾಯ್ದು ಇಡ್ತಾರ."

ದೊಡ್ಡವನು ಒಂದು ಕ್ಷಣ ಸುಮ್ಮನಿದ್ದು ಕೇಳಿದ: "ಅಜ್ಜಾ, ಹಂಗಾರ ಪಾವಗಡದಾಗ ಮೋಡ ಆದ್ರ ನಮಗ ಇಲ್ಲಿ ನೀರು ಬರತೈತಿ?"

ಮಾವ ಅವನ ಹೆಲ್ಮೆಟ್ಟಿನ ಮೇಲೆ ಠಪ್ ಅಂತ ಹೊಡೆದರು. ನಾನು ಈ ಮನೆಗೆ ಬಂದಾಗಿನಿಂದ ಅವರ ಮುಖದಲ್ಲಿ ಅಷ್ಟು ಖುಷಿ ಕಂಡದ್ದು ಅಪರೂಪ. ಗೆಳತಿಯಂತೂ ಮೊಬೈಲ್ ತೆಗೆದು ಪಾವಗಡದ ಹವಾಮಾನ ನೋಡಿಯೇಬಿಟ್ಟಳು. ನಿಚ್ಚಳ ಬಿಸಿಲು. ನಾವೆಲ್ಲ ಹಾಳಾಗಿಹೋಯಿತು ಅಂತ ಕೂಗಿದೆವು. ಪಕ್ಕದ ತಂಡದವರು ಇವರಿಗೇನಾಯಿತು ಅನ್ನುವಂತೆ ತಿರುಗಿ ನೋಡಿದರು.

ಮಾವನ ಲೆಕ್ಕ ಅವತ್ತಿನ ಮಟ್ಟಿಗೆ ಎಷ್ಟು ಸರಿ ಅಂತ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಗೈಡ್ ಹುಡುಗನಿಗೆ ಬರುವುದು ಒಂದು ಫೋನು, ಅಷ್ಟೇ. ಮಾವ ಒಂದು ಒಣ ಕಡ್ಡಿ ಮುರಿದು ನೀರಿನ ಅಂಚಿಗೆ ನೆಟ್ಟರು. "ಇದರ ಮ್ಯಾಲೆ ಕಣ್ಣಿಡು" ಅಂತ ಸಣ್ಣಾಕಿಗೆ ಡ್ಯೂಟಿ ಹಾಕಿದರು. ಅವಳು ಬಗ್ಗಿ ಕೂತು ನೋಡಿಯೇ ನೋಡಿದಳು. ಅಲ್ಲಿ ಇರುವೆ ಸಾಲೊಂದು ಕಡ್ಡಿಯ ಬುಡ ಸುತ್ತಿ ಹೋಗುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ನನಗೆ ತೂಕಡಿಕೆ ಬಂದಿತ್ತು.

ಹೊಳೆ ಏರುವಾಗ ಮೊದಲು ಸದ್ದು ಬರುತ್ತದೆ ಅಂತ ನಾನು ತಿಳಿದಿದ್ದೆ. ಮೊದಲು ಕಂಡದ್ದು ಇರುವೆ ಸಾಲು ಚದುರಿದ್ದು. ಕಡ್ಡಿಯ ಬುಡದ ಮಣ್ಣು ಕಪ್ಪಾಯಿತು. ಆಮೇಲೆ ನೀರು ನಾಲಿಗೆ ಚಾಚಿದಂತೆ ಕಲ್ಲಿನಿಂದ ಕಲ್ಲಿಗೆ ತೆವಳಿ ಬಂತು, ಒಣ ಎಲೆಗಳನ್ನು ಎತ್ತಿಕೊಂಡು. ನಡುಹೊಳೆಯಲ್ಲಿ ಪಾಚಿ ಒಣಗಿ ಬೆಳ್ಳಗಾಗಿದ್ದ ಬಂಡೆಗಳು ಒಂದೊಂದಾಗಿ ಮುಳುಗತೊಡಗಿದವು. "ಅಜ್ಜಾ, ಕಡ್ಡಿ ಹೋತು! ಕಡ್ಡಿ ಹೋತು!" ಅಂತ ಸಣ್ಣಾಕಿ ಕಿರುಚಿದಳು. ಸದ್ದು ಆಮೇಲೆ ಬಂತು, ಮೇಲಿನ ತಿರುವಿನಿಂದ, ಒಂದೇ ಸಮನೆ. ಮಾವ ಚಪ್ಪಲಿ ಬಿಟ್ಟು ಇಳಿದು ಪಾದ ಮುಳುಗುವಷ್ಟು ನೀರಲ್ಲಿ ನಿಂತರು. "ಹಾ... ತಂಪು!" ಅಂದರು. ಆ ಬಿಸಿಲಲ್ಲಿ ನೀರು ಐಸಿನಂತಿತ್ತು. ಜಲಾಶಯದ ಆಳದಿಂದ ಬರುವ ನೀರಿಗೆ ಮೇಲಿನ ಬೇಸಗೆಯ ಗೊಡವೆ ಇಲ್ಲ.

ರಾಫ್ಟಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದನ್ನು ಎಲ್ಲರೂ ಬರೆದಿದ್ದಾರೆ, ಮತ್ತೆ ನನಗೆ ನೆನಪಿರುವುದೂ ಚೂರುಪಾರು. ಗೈಡ್ "ಫಾರ್ವರ್ಡ್" ಅಂದಾಗ ನಾವು ಆರು ಮಂದಿ ಆರು ತಾಳದಲ್ಲಿ ಹುಟ್ಟು ಹಾಕಿದ್ದು. ಮೊದಲ ರ‍್ಯಾಪಿಡ್ಡಿನಲ್ಲಿ ಮೂಗಿಗೆ, ಬಾಯಿಗೆ ನೀರು ಹೊಕ್ಕು ನನ್ನ ಕೂಗು ಅರ್ಧಕ್ಕೇ ನಿಂತದ್ದು. "ಡೌನ್" ಅಂದಾಗ ಸಾಹಸಿ ಎಂದು ಹೆಸರಾದ ಗೆಳತಿಯ ಗಂಡ ಎಲ್ಲರಿಗಿಂತ ಮೊದಲು ರಾಫ್ಟಿನ ತಳಕ್ಕೆ ಬಿದ್ದದ್ದು. ನೀರು ಸಮವಾದ ಕಡೆ ಇಳಿದು ತೇಲಬಹುದು ಅಂದ ಗೈಡ್. ಗೆಳತಿ "ಮೊಸಳಿ ಅದಾವಂತ?" ಅಂದಳು. "ಅವು ಕೆಳಗ, ದಾಂಡೇಲಿ ಕಡೆ ಅದಾವ್ರಿ ಅಕ್ಕಾರ" ಅಂದ ಹುಡುಗ, ಬಹಳ ಗಂಭೀರವಾಗಿ. ನಾನು ಇಳಿದೆ. ಬೆನ್ನ ಮೇಲೆ ತೇಲಿಕೊಂಡು ಎರಡೂ ದಂಡೆಯ ಮರಗಳು ಹಿಂದೆ ಹಿಂದೆ ಸರಿಯುವುದನ್ನು ನೋಡುವಾಗ, ಈ ನೀರು ಎಲ್ಲೋ ಯಾರದೋ ಮನೆಯ ಫ್ಯಾನು ತಿರುಗಿಸಿ ಬಂದದ್ದು ಎಂಬ ವಿಚಾರ ಮಾತ್ರ ತಲೆಯಿಂದ ಹೋಗಲಿಲ್ಲ. ಮಾವನ ಕೃಪೆ.

ಮರುದಿನ ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೇ ಮಂಗಟ್ಟೆ ಹಕ್ಕಿ ನೋಡಲು ಎಬ್ಬಿಸಿದರು. ದಾಂಡೇಲಿ, ಜೋಯಿಡಾ ಕಾಡುಗಳಲ್ಲಿ ನಾಲ್ಕು ಜಾತಿಯ ಹಾರ್ನ್‌ಬಿಲ್ ಇವೆ, ವಸಂತ ಅವುಗಳ ಗೂಡಿನ ಕಾಲ. ದೊಡ್ಡ ಮರದ ಪೊಟರೆಗೆ ಹೆಣ್ಣು ಹೊಕ್ಕ ಮೇಲೆ ತನ್ನ ಹಿಕ್ಕೆ, ಮಣ್ಣು ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಬರುವಷ್ಟು ಸೀಳು ಮಾತ್ರ ಬಿಡುತ್ತದೆ. ಮೊಟ್ಟೆ ಇಟ್ಟು, ಮರಿ ಒಂದಿಷ್ಟು ಬೆಳೆಯುವವರೆಗೆ ಒಳಗೇ ವಾಸ; ಗಂಡು ಹೊರಗಿನಿಂದ ಹಣ್ಣು ತಂದು ಕೊಡಬೇಕು. ಗೂಡಿನ ಹತ್ತಿರ ಹೋಗಬಾರದು, ಗಂಡು ಹೆದರಿ ತುತ್ತು ತರುವುದನ್ನು ಬಿಡುತ್ತದೆ ಅಂತ ನಮ್ಮನ್ನು ಬಹಳ ದೂರದಲ್ಲೇ ನಿಲ್ಲಿಸಿದರು. ಅದು ಸರಿಯಾದ ಕ್ರಮ. ಫೋಟೋ ಸಿಗಲಿಲ್ಲ ಅಂತ ಗೊಣಗಿದವರ ಬಗ್ಗೆ ನನಗೆ ಕನಿಕರವಿಲ್ಲ.

ಹಕ್ಕಿಗಿಂತ ಮೊದಲು ಅದರ ರೆಕ್ಕೆ ಕೇಳಿಸಿತು, ಯಾರೋ ಮೇಲೆ ದೊಡ್ಡ ಉಸಿರು ಬಿಡುತ್ತ ಬಂದ ಹಾಗೆ. ಕಪ್ಪು ಬಿಳುಪಿನ ದೊಡ್ಡ ಮೈ, ಹಳದಿ ಕೊಕ್ಕು, ಅದರ ಮೇಲೆ ಇನ್ನೊಂದು ಹಳದಿ ಕಿರೀಟ. ಕಾಂಡಕ್ಕೆ ಅಂಟಿ ನಿಂತು ಗಂಟಲು ಅಲುಗಿಸಿತು. ಆಗ ಕೊಕ್ಕಿನ ತುದಿಗೆ ಒಂದು ಅತ್ತಿಹಣ್ಣು ಬಂತು. ಅದನ್ನು ಸೀಳಿನೊಳಗೆ ನೀಡಿ, ಮತ್ತೆ ಗಂಟಲು ಅಲುಗಿಸಿ ಇನ್ನೊಂದು ತಂದಿತು. ಬೈನಾಕ್ಯುಲರಿನಲ್ಲಿ ಒಳಗಿನ ಕೊಕ್ಕಿನ ತುದಿಯೂ ಕಂಡಿತು, ಹಣ್ಣು ಕಚ್ಚಿ ಒಳಗೆಳೆದುಕೊಂಡಿತು. ಹೀಗೆ ಎಷ್ಟೋ ಹಣ್ಣು ಕೊಟ್ಟು ಹಾರಿಹೋಯಿತು.

"ಇವಂಗ ರಿಲೀವರ್ ಇಲ್ಲೇನು?" ಅಂದರು ಮಾವ, ಮೆಲ್ಲಗೆ.

ಇಲ್ಲ ಅಂದರು ಕಾಡಿನವರು. ಗಂಡಿಗೆ ಏನಾದರೂ ಆದರೆ ಒಳಗಿನ ಸಂಸಾರದ ಕಥೆ ಕಷ್ಟ. ಮಾವ ತಲೆ ಅಲ್ಲಾಡಿಸಿದರು. ರಿಲೀವರ್ ಬಾರದೆ ಡಬಲ್ ಡ್ಯೂಟಿ ಮಾಡಿದ ತಮ್ಮ ರಾತ್ರಿಗಳ ಕಥೆ ನಾಷ್ಟಾ ಮುಗಿಯುವ ತನಕ ನಡೆಯಿತು. ಅತ್ತೆ ಇದ್ದಿದ್ದರೆ ಆ ರಾತ್ರಿಗಳಲ್ಲಿ ಮನೆಯ ಕಥೆ ಏನಿತ್ತು ಅಂತ ಅವರೂ ಹೇಳುತ್ತಿದ್ದರೋ ಏನೋ.

ಜೋಯಿಡಾ, ಕುಂಬಾರವಾಡ ದಾಟಿ ಅಣಶಿಗೆ. ದಾರಿಯಲ್ಲಿ ಒಂದು ಕಡೆ ಸೂಪಾ ಹಿನ್ನೀರು ಕಂಡಿತು. ಬೇಸಗೆಗೆ ನೀರು ಕೆಳಗಿಳಿದು, ಗುಡ್ಡದ ಸುತ್ತ ಕೆಂಪು ಮಣ್ಣಿನ ಅಗಲ ಪಟ್ಟಿ ಬಿದ್ದಿತ್ತು. ಈ ನೀರಿನ ಅಡಿಯಲ್ಲಿ ಸೂಪಾ ಎಂಬ ಊರೇ ಇತ್ತು, ತಾಲ್ಲೂಕಿನ ಕೇಂದ್ರ. ಊರು ಮುಳುಗಿತು, ಜನ ಇದೇ ತಾಲ್ಲೂಕಿನ ರಾಮನಗರದಂಥ ಕಡೆಗೆ ಹೋದರು, ತಾಲ್ಲೂಕು ಜೋಯಿಡಾಕ್ಕೆ ಬಂತು. ಹಿಂದಿನ ದಿನ ಮೆಗಾವಾಟಿನ ಲೆಕ್ಕ ಹೇಳಿದ್ದ ಮಾವ ಇಲ್ಲಿ ಕಾರು ನಿಲ್ಲಿಸಲು ಹೇಳಿದರು, ಇಳಿದು ನೋಡಿದರು, ಏನೂ ಹೇಳಲಿಲ್ಲ. ಇದು ಲಾಗ್‌ಬುಕ್ಕಿನಲ್ಲಿ ಬರುವ ಅಂಕಿಯಲ್ಲ.

ಘಾಟ್ ಇಳಿಯುವಾಗ ಮಕ್ಕಳಿಗೆ ವಾಂತಿ. ಅದಕ್ಕಿಂತ ಹೆಚ್ಚು ಹೇಳುವುದು ಬೇಡ. ಮಳೆಗಾಲದಲ್ಲಿ ಗುಡ್ಡ ಕುಸಿದು ಆಗಾಗ ಬಂದ್ ಆಗುವ ರಸ್ತೆ ಇದು. ನಮಗೆ ಸಿಕ್ಕಿದ್ದು ಒಣ ಟಾರು, ಗೇರು ಮರದ ನೆರಳು, ಕೆಳಗಿಳಿದಂತೆ ಮುಖಕ್ಕೆ ಹೊಡೆಯುವ ಕರಾವಳಿಯ ಸೆಕೆ. ಕದ್ರಾ ಹಿಂದೆ ಬಿದ್ದ ಮೇಲೆ ಕಣಿವೆ ಅಗಲವಾಯಿತು, ತೆಂಗು ಬಂತು, ಹೊಳೆ ಹೊಳೆಯಾಗಿ ಉಳಿಯದೆ ಖಾರಿಯಂತೆ ಹರಡಿಕೊಂಡಿತು.

ಕಾರವಾರದಲ್ಲಿ ಕಾಳಿ ಕಡಲು ಸೇರುವ ಜಾಗಕ್ಕೆ ಹೋದಾಗ ಸಂಜೆ. 2024ರ ಆಗಸ್ಟ್‌ನಲ್ಲಿ ಕುಸಿದ ಹಳೆಯ ಸೇತುವೆಯ ಸುದ್ದಿಯನ್ನು ಗೆಳತಿಯ ಗಂಡ ಮಕ್ಕಳಿಗೆ ಹೇಳುತ್ತಿದ್ದರು: ಅರ್ಧರಾತ್ರಿ, ಲಾರಿ ಸಮೇತ ನೀರಿಗೆ, ಮೀನುಗಾರರು ಮತ್ತು ಪೊಲೀಸರು ಚಾಲಕನನ್ನು ಉಳಿಸಿದ್ದು. ಮಾವ ದಂಡೆಯಲ್ಲಿ ಗಡಿಯಾರ ನೋಡಿಕೊಂಡು ನಿಂತಿದ್ದರು. "ಏನ್ ಮಾವಾರ?" ಅಂದೆ. "ಪೀಕ್ ಟೈಮು. ಈಗ ಮ್ಯಾಲೆ ಎಲ್ಲಾ ಮಷೀನು ಫುಲ್ ಲೋಡಿನ್ಯಾಗ ಇರತಾವ" ಅಂದರು.

ಊಟಕ್ಕೆ ಕೂತಲ್ಲಿ ಹೊಸ ಜಗಳ ಶುರುವಾಯಿತು. ಹೊಳೆಯ ತುದಿ ನೋಡಿದ್ದಾಯಿತು, ಇನ್ನು ಹುಟ್ಟು ನೋಡಬೇಕು ಅಂದ ದೊಡ್ಡವನು. ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ. ಅಲ್ಲಿಂದ ಈ ಕಡಲಿಗೆ 184 ಕಿಲೋಮೀಟರ್. ಗೆಳತಿಯ ಗಂಡನಿಗೆ ಮಳೆಗಾಲದಲ್ಲೇ ಹೋಗಬೇಕು, ಕೆಸರು, ಜಿಗಣೆ ಎಲ್ಲ ಬೇಕು. ನನ್ನ ಗಂಡನಿಗೆ ಕಾರು ಹೋಗುವ ರಸ್ತೆ ಇದ್ದರೆ ಮಾತ್ರ. ಗೆಳತಿಗೆ ದೀಪಾವಳಿ ರಜೆ. ಮಾವ ಮೀನಿನ ಮುಳ್ಳು ಬಿಡಿಸುತ್ತಿದ್ದ ನಮ್ಮ ಗದ್ದಲವನ್ನೆಲ್ಲ ಕೇಳಿಸಿಕೊಂಡು, ತಮ್ಮ ಮೊಸರನ್ನ ಕಲಸುತ್ತ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಮ್ಯಾಲೆ ಡ್ಯಾಮ್ ಇಲ್ಲಲ್ಲ? ಹಂಗಾರ ಯಾರನ್ನೂ ಕೇಳೂದಿಲ್ಲ. ದಸರಾ ಮುಗದ ಕೂಡಲೇ ಹೋಗೂಣು."

ದಸರಾಕ್ಕೇ ಗಟ್ಟಿಯಾಯಿತು. ಮೊಣಕಾಲಿನ ಮಾತು ಯಾರೂ ಎತ್ತಲಿಲ್ಲ.